ಹೊಸ್ತಿಲಿನಿಂದ ಗೇಟಿನವರೆಗೆ



ಶಾಲೆ ಶುರುವಾಗಲು ಇನ್ನು ಹದಿನೈದು ದಿನ ಉಳಿದಿದೆ. ಮೇಷ್ಟ್ರುಗಳು ಮನೆಮನೆ ತಿರುಗಿ ಮಕ್ಕಳ ಹೆಸರು ಬರೆದುಕೊಳ್ಳುವ ಹೊತ್ತು. ಹಾಗೆ ತಿರುಗುವಾಗ ಯಾವುದೋ ಒಂದು ಮನೆಯಲ್ಲಿ ಮಾತು ತಡೆಯುತ್ತದೆ. “ಇನ್ನೊಂದ್ ಮಗ ಐತೆ ಸಾ... ಅದನ್ನ ಬಿಡಿ” ಅನ್ನುತ್ತಾರೆ. ಬಿಡಿ ಅಂದ ಆ ಮಗುವಿನ ವಿಷಯವನ್ನೇ ಇವತ್ತು ಹಿಡಿದುಕೊಳ್ಳೋಣ ಅಂತ ಬಂದಿದ್ದೇನೆ. ಅದರ ಓದಿನ ಮಾತು ಈಗಲೇ ಬೇಡ. ಮನೆಯ ಹೊಸ್ತಿಲಿನಿಂದ ಶಾಲೆಯ ಗೇಟಿನವರೆಗಿನ ದಾರಿ ಇದೆಯಲ್ಲ, ಅಷ್ಟನ್ನು ಮಾತ್ರ ಮಾತಾಡೋಣ.

ನಾನು ತುಮಕೂರು ಸೀಮೆಯ ಒಂದು ತಾಲ್ಲೂಕಿನಲ್ಲಿ ಬಹಳ ವರ್ಷ ಬಿ.ಐ.ಇ.ಆರ್.ಟಿ. ಎಂಬ ಸಂಪನ್ಮೂಲ ಶಿಕ್ಷಕನಾಗಿದ್ದವನು. ಹಾಗೆಂದರೆ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ಒಂದು ಮೇಜು, ತಾಲ್ಲೂಕಿನ ತುಂಬ ಚದುರಿದ ಮಕ್ಕಳು. ಕಣ್ಣು ಕಾಣದವರು, ಕಿವಿ ಕೇಳದವರು, ಬುದ್ಧಿ ನಿಧಾನವಾದವರು, ಹುಟ್ಟುವಾಗ ಮೆದುಳಿಗೆ ಪೆಟ್ಟಾಗಿ ಕೈಕಾಲು ಬಿಗಿದುಕೊಂಡವರು. ಇಲಾಖೆಯ ಭಾಷೆಯಲ್ಲಿ ಇವರೆಲ್ಲ ‘ವಿಶೇಷ ಅಗತ್ಯವುಳ್ಳ ಮಕ್ಕಳು’. ಹೊಸ್ತಿಲೊಳಗೆ ಇವರು ತಂದೆತಾಯಿಯ ಜವಾಬ್ದಾರಿ, ಗೇಟಿನೊಳಗೆ ಹೆಡ್‌ಮಾಸ್ಟರ ಜವಾಬ್ದಾರಿ. ನಡುವಿನ ದಾರಿಯಲ್ಲಿ ಯಾರ ಜವಾಬ್ದಾರಿ ಎಂದು ಸಭೆಗಳಲ್ಲಿ ಕೇಳಿದಾಗಲೆಲ್ಲ ಒಬ್ಬರ ಮುಖ ಒಬ್ಬರು ನೋಡಿದ್ದನ್ನು ಕಂಡಿದ್ದೇನೆ.

ಒಬ್ಬ ಹುಡುಗನ ಹಾಜರಿ ಹೇಳುತ್ತೇನೆ. ನಾಲ್ಕನೇ ತರಗತಿವರೆಗೆ ತಪ್ಪದೆ ಬಂದಿದ್ದ. ಐದರಲ್ಲಿ ವಾರಕ್ಕೆ ಎರಡು ದಿನ. ಆರರಲ್ಲಿ ಹೆಸರಿತ್ತು, ಹುಡುಗನಿರಲಿಲ್ಲ. ಕೇಳಿದರೆ ಹೆಡ್‌ಮಾಸ್ಟರು, “ತಾಯಿಗೆ ಆಸಕ್ತಿ ಇಲ್ಲ ಸಾರ್” ಅಂದರು. ಸರಿ, ಆಸಕ್ತಿ ಇಲ್ಲದ ತಾಯಿಯನ್ನು ನೋಡಿಕೊಂಡು ಬರೋಣ ಅಂತ ಹೋದೆ. ಜಗಲಿಯ ಮೇಲೆ ಹುಣಸೆಹಣ್ಣಿನ ಬೀಜ ಬಿಡಿಸುತ್ತ ಕೂತಿದ್ದರು, ಪಕ್ಕದಲ್ಲಿ ಮಗ ಗೋಡೆಗೆ ಒರಗಿಕೊಂಡಿದ್ದ. “ಯಾಕಮ್ಮ, ಮಗನ್ನ ಶಾಲೆ ಬಿಡಿಸಿದ್ರಿ?” ಅಂದೆ. ಕೈ ನಿಲ್ಲಿಸದೆಯೇ ಹೇಳಿದರು: “ಮಗ ಬೆಳ್ದ ಸಾ. ನನ್ ಸೊಂಟ ಬೆಳೀಲಿಲ್ಲ.”

ಒಂದನೇ ತರಗತಿಗೆ ಸೇರಿಸಿದಾಗ ಅವನನ್ನು ಸೊಂಟದ ಮೇಲೆ ಕೂರಿಸಿಕೊಂಡು ನಡೆದರೆ ಊರೊಳಗಿನ ಶಾಲೆಗೆ ಹತ್ತು ನಿಮಿಷ. ಹನ್ನೊಂದು ವರ್ಷಕ್ಕೆ ಅವನು ಹೆಚ್ಚುಕಡಿಮೆ ಅರ್ಧ ಮೂಟೆ ರಾಗಿಯ ತೂಕ. ಊರಿನ ಶಾಲೆ ಇದ್ದದ್ದು ಐದನೇ ತರಗತಿವರೆಗೆ, ಆರಕ್ಕೆ ಎರಡೂವರೆ ಕಿಲೋಮೀಟರು ಆಚೆಯ ಊರಿಗೆ ಹೋಗಬೇಕು. ಶಿಕ್ಷಣ ಹಕ್ಕಿನ ನಿಯಮದಲ್ಲಿ ಐದನೇ ತರಗತಿವರೆಗಿನ ಮಗುವಿಗೆ 1 ಕಿಲೋಮೀಟರಿನೊಳಗೆ, ಆರರಿಂದ ಎಂಟರವರೆಗೆ 3 ಕಿಲೋಮೀಟರಿನೊಳಗೆ ಶಾಲೆ ಇರಬೇಕು ಎಂದಿದೆ. ಮಗು ದೊಡ್ಡದಾದಂತೆ ಹೆಚ್ಚು ನಡೆಯಬಲ್ಲದು ಎಂಬ ಲೆಕ್ಕ ಅದು. ನಡೆಯುವ ಮಗುವಿಗೆ ಸರಿಯೇ. ಎತ್ತಿಕೊಂಡು ಹೋಗಬೇಕಾದ ಮಗುವಿನ ವಿಷಯದಲ್ಲಿ ಅದು ತಲೆಕೆಳಗು: ತೂಕ ಹೆಚ್ಚುವ ವರ್ಷವೇ ದಾರಿಯೂ ಉದ್ದವಾಗುತ್ತದೆ. ಆಮೇಲೆ ನಾನು ಹಳೆಯ ರಿಜಿಸ್ಟರುಗಳನ್ನು ತೆಗೆದು ನೋಡಿದೆ. ಕೈಕಾಲಿನ ತೊಂದರೆಯ ಮಕ್ಕಳಲ್ಲಿ ಎಷ್ಟೋ ಜನ ಐದು, ಆರರ ಆಸುಪಾಸಿನಲ್ಲೇ ನಿಂತಿದ್ದರು. ಎದುರಿಗೆ ಬರೆದ ಕಾರಣ ಮಾತ್ರ ಒಂದೇ: ‘ಪೋಷಕರ ನಿರಾಸಕ್ತಿ’.

“ಗಾಲಿಕುರ್ಚಿ ಕೊಟ್ಟಿದ್ವಲ್ಲಮ್ಮ?” ಅಂದೆ. ಕಾನ್ಪುರದ ಅಲಿಮ್ಕೊ ಕಾರ್ಖಾನೆಯ ಕುರ್ಚಿ, ತಾಲ್ಲೂಕಿನ ಶಿಬಿರದಲ್ಲಿ ಹಾರ ಹಾಕಿ, ಫೋಟೊ ಹಿಡಿದು ಕೊಟ್ಟದ್ದು. ಆಕೆ ಹಿತ್ತಿಲ ಕಡೆ ಕೈ ತೋರಿಸಿದರು. ಕುರ್ಚಿಯ ಮೇಲೆ ಕೋಳಿ ಮಂಕರಿ ಕವುಚಿ ಇಟ್ಟಿದ್ದರು. ನನಗೆ ಸಿಟ್ಟು ಬಂತು, ಸುಳ್ಳು ಯಾಕೆ ಹೇಳಲಿ. ನಾನೇ ಕುರ್ಚಿ ಒರೆಸಿ, ಹುಡುಗನನ್ನು ಕೂರಿಸಿ, ರಸ್ತೆವರೆಗೆ ತಳ್ಳಿಕೊಂಡು ಹೊರಟೆ. ಆ ಕುರ್ಚಿಯ ಮುಂದಿನ ಎರಡು ಗಾಲಿ ಅಂಗೈಯಷ್ಟು ದೊಡ್ಡವು. ಆಸ್ಪತ್ರೆಯ ನೆಲದ ಮೇಲೆ ಬುಗುರಿ ಹಾಗೆ ತಿರುಗುತ್ತವೆ. ಈ ಓಣಿಯಲ್ಲಿ ಎತ್ತಿನ ಗಾಡಿಯ ಜಾಡು, ಜಾಡಿನ ತುಂಬ ಮರಳು. ಇಪ್ಪತ್ತು ಹೆಜ್ಜೆಗೆ ಮುಂದಿನ ಗಾಲಿ ಹೂತಿತು, ಹುಡುಗ ಮುಂದಕ್ಕೆ ಮುಗ್ಗರಿಸಿದ, ನಾನು ಅಂಗಿ ಹಿಡಿದು ಎಳೆದುಕೊಂಡೆ. ಹಿಂದಕ್ಕೆ ತಿರುಗಿಸಿ ದೊಡ್ಡ ಗಾಲಿ ಮುಂದಾಗುವಂತೆ ಎಳೆದರೆ ಬರುತ್ತದೆ ಎಂದು ಆಮೇಲೆ ಕಲಿತೆ. ಆದರೆ ಹಾಗೆ ಎರಡೂವರೆ ಕಿಲೋಮೀಟರು ಎಳೆಯುವವರು ಯಾರು? ಡಾಂಬರು ಮುಟ್ಟಿದರೂ ಬಸ್ಸಿಗೆ ಎತ್ತುವ ಹಾಗಿಲ್ಲ. ನಮ್ಮ ಹಳ್ಳಿ ಬಸ್ಸಿನ ಮೊದಲ ಮೆಟ್ಟಿಲು ನನ್ನ ಮೊಣಕಾಲಿಗೆ ಬರುತ್ತದೆ, ಬಾಗಿಲು ಕುರ್ಚಿಗಿಂತ ಕಿರಿದು. ಹುಡುಗನನ್ನು ಮನೆ ಮುಟ್ಟಿಸಿ, ಮಂಕರಿಯನ್ನು ನಾನೇ ಕುರ್ಚಿಯ ಮೇಲೆ ವಾಪಸು ಇಟ್ಟು ಬಂದೆ.

ಸರ್ಕಾರದ ನೆರವೇ ಇಲ್ಲ ಅಂತಲ್ಲ. ಅಂಗವಿಕಲ ಮಕ್ಕಳನ್ನು ಎಲ್ಲರ ಜೊತೆ ಓದಿಸುವ ಕೇಂದ್ರದ ಯೋಜನೆ 1974ರಷ್ಟು ಹಿಂದೆಯೇ ಬಂತು. 1992ರಲ್ಲಿ ಅದನ್ನು ಪರಿಷ್ಕರಿಸಿದಾಗ ಸಾರಿಗೆ ಭತ್ಯೆ ತಿಂಗಳಿಗೆ 50 ರೂಪಾಯಿ, ಕಾಲಿನ ತೀವ್ರ ತೊಂದರೆಯಿರುವ ಮಗುವಿನ ಜೊತೆ ಬರುವವರಿಗೆ 75 ರೂಪಾಯಿ ಎಂದಾಯಿತು. ಈ ಎರಡನೆಯದಕ್ಕೆ ನಮ್ಮ ಕಚೇರಿಗಳಲ್ಲಿ ಬೆಂಗಾವಲು ಭತ್ಯೆ ಅಂತ ಹೆಸರು. ಬೆಂಗಾವಲು! ಮಂತ್ರಿಗಳ ಕಾರಿನ ಹಿಂದೆ ಮುಂದೆ ಓಡುವ ಪೊಲೀಸ್ ಜೀಪಿಗೆ ಹೇಳುವ ಮಾತು. ಸೊಂಟ ಹಿಡಿದುಕೊಂಡ ಆ ತಾಯಿಗೂ ಅದೇ ಪದ ಸಂದಿದೆ ಎಂದು ನನಗೆ ಒಳಗೊಳಗೇ ಖುಷಿ, ಮೊತ್ತ ನೋಡಿದಾಗ ಇಲ್ಲ.

1995ರ ಅಂಗವಿಕಲರ ಕಾಯ್ದೆಯಲ್ಲಿ ಒಂದು ಮಾತಿತ್ತು, ಅದನ್ನು ನಾನು ಹೋದಲ್ಲೆಲ್ಲ ಹೇಳುತ್ತೇನೆ. ಮಕ್ಕಳಿಗೆ ಸಾರಿಗೆ ಸೌಲಭ್ಯ ಕೊಡಬೇಕು, ಅಥವಾ ಅದರ ಬದಲು ತಂದೆತಾಯಿಗೆ ಹಣದ ನೆರವು ಕೊಡಬೇಕು, ಎನ್ನುವ ಅರ್ಥದ ಮಾತು. ಆ ‘ಅಥವಾ’ದ ಸಂದಿಯಲ್ಲಿ ಎಷ್ಟು ಮಕ್ಕಳು ಬಿದ್ದುಹೋದರೋ! ವಾಹನ ಕೊಡುವುದೆಂದರೆ ದಿನಾ ಬೆಳಿಗ್ಗೆ ಒಂದು ಗಾಡಿ, ಒಬ್ಬ ಡ್ರೈವರು, ಮಗುವನ್ನು ಹತ್ತಿಸುವ ಒಂದು ಕೈ ಇರಬೇಕು. ಹಣ ಕೊಡುವುದಕ್ಕೆ ವರ್ಷಕ್ಕೊಂದು ಪಟ್ಟಿ ಸಾಕು. ಯಾವುದು ಸಲೀಸೋ ಅದೇ ನಡೆಯಿತು. ಅಮೆರಿಕದಲ್ಲಿ ಇದೇ ಮಕ್ಕಳ ಶಿಕ್ಷಣಕ್ಕಾಗಿ 1975ರಲ್ಲಿ ಬಂದ ಕಾನೂನು, ಮಾತಿನ ಚಿಕಿತ್ಸೆಯನ್ನು ಸೇರಿಸಿದ ಪಟ್ಟಿಯಲ್ಲೇ ಸಾರಿಗೆಯನ್ನೂ ಸೇರಿಸಿ ಸೇವೆ ಎಂದು ಕರೆಯಿತು. ಭತ್ಯೆಯಾದರೆ ಹಣ ಜಮೆಯಾದ ದಿನ ಕಡತ ಮುಚ್ಚುತ್ತದೆ. ಸೇವೆ ಅಂದಮೇಲೆ ಮಗು ದಿನವೂ ತಲುಪಿತೋ ಇಲ್ಲವೋ ಯಾರಾದರೂ ಕೇಳಲೇಬೇಕಾಗುತ್ತದೆ.

ನಮ್ಮಲ್ಲೂ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಬಂತು, 2017ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಅದರ 16ನೇ ಕಲಮಿನಲ್ಲಿ ಆ ‘ಅಥವಾ’ ಇಲ್ಲ. ಸಾರಿಗೆ ಸೌಲಭ್ಯ ಒದಗಿಸಬೇಕು, ಹೆಚ್ಚಿನ ಆಸರೆ ಬೇಕಾದ ಮಗುವಿನ ಜೊತೆ ಬರುವವರಿಗೂ ಒದಗಿಸಬೇಕು ಎಂದಿದೆ. ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಾಲೆಗಳ ಬಗ್ಗೆ ಹೇಳಿರುವ ಮಾತು ಇದು. ನಿಜ, ಕಲಮಿನ ಆರಂಭದಲ್ಲಿ ಸರ್ಕಾರ ‘ಪ್ರಯತ್ನಿಸಬೇಕು’ ಎಂಬ ಮೆತ್ತನೆಯ ಪದವೂ ಇದೆ, ವಕೀಲರು ಅದರ ಮೇಲೆಯೇ ಕೂರುತ್ತಾರೆ. ಕೂರಲಿ. ನಮ್ಮ ಹೆಡ್‌ಮಾಸ್ಟರುಗಳಲ್ಲಿ ಈ ಕಲಮನ್ನು ಒಮ್ಮೆಯಾದರೂ ಓದಿದವರು ಎಷ್ಟು ಜನ ಎಂದು ಒಂದು ತರಬೇತಿಯಲ್ಲಿ ಕೈ ಎತ್ತಿಸಿದ್ದೆ. ಎರಡು ಕೈ ಮೇಲೆದ್ದವು. ಒಂದು, ಫ್ಯಾನು ಹಾಕಿ ಅನ್ನುವುದಕ್ಕೆ.

ಕಾಲಿನ ಲೆಕ್ಕಕ್ಕೆ ಬರುತ್ತೇನೆ. 75 ರೂಪಾಯಿಯ ಕಾಲದಿಂದ ನಮ್ಮ ಕಚೇರಿಗಳ ಮನಸ್ಸಿನಲ್ಲಿ ಒಂದು ಚಿತ್ರ ಕೂತುಬಿಟ್ಟಿದೆ: ಸಾರಿಗೆ ನೆರವು ಎಂದರೆ ನಡೆಯಲಾರದ ಮಗುವಿಗೆ. ಹದಿಮೂರು ವರ್ಷದ ಒಬ್ಬ ಹುಡುಗನಿಗೆ ಅರ್ಜಿ ಹಾಕಿಸಿದ್ದೆ. ಬುದ್ಧಿ ಐದಾರು ವರ್ಷದ ಮಗುವಿನದು, ಮೈಕಟ್ಟು ಗರಡಿ ಹುಡುಗನದು. ಗುಮಾಸ್ತರು ಅವನನ್ನು ಮೇಲಿನಿಂದ ಕೆಳಕ್ಕೆ ನೋಡಿ, “ಕಾಲು ನೆಟ್ಟಗವೆಯಲ್ಲ ಸಾರ್, ಇವನಿಗ್ಯಾಕೆ?” ಅಂದರು. ಅವನು ನಡೆಯುತ್ತಾನೆ, ನಿಜ. ಎಲ್ಲಿ ನಿಲ್ಲಬೇಕು ಅನ್ನುವುದೇ ಗೊತ್ತಿಲ್ಲ. ಕಿವಿ ಕೇಳದ ಹುಡುಗಿಯೂ ಜಿಂಕೆ ಹಾಗೆ ನಡೆಯುತ್ತಾಳೆ. ಹೆದ್ದಾರಿ ದಾಟುವಾಗ ಹಿಂದಿನಿಂದ ಬರುವ ಲಾರಿಯ ಹಾರನ್ನು ಅವಳಿಗೆ ಕೇಳುವುದಿಲ್ಲ.

ಆ ಹುಡುಗನಿಗೆ ಭತ್ಯೆ ಆಗಲಿಲ್ಲ. ಆರು ಕಿಲೋಮೀಟರು ದೂರದ ಹೋಬಳಿ ಊರಿನ ಹೈಸ್ಕೂಲಿಗೆ ಅವನೊಬ್ಬನೇ ಬಸ್ಸಿನಲ್ಲಿ ಹೋಗುವುದನ್ನು ಕಲಿಸೋಣ ಅಂತ ಕೂತೆವು. ಮೊದಲ ವಾರ ನಾನು ಅವನ ಪಕ್ಕದ ಸೀಟು. ಎರಡನೇ ವಾರ ಮೂರು ಸೀಟು ಹಿಂದೆ. ಮೂರನೇ ವಾರ ಅವನು ಮುಂದಿನ ಬಾಗಿಲು, ನಾನು ಹಿಂದಿನ ಬಾಗಿಲು. ನಾಲ್ಕನೇ ವಾರ ನಾನು ಬಸ್ಸಿನ ಹಿಂದೆ ನನ್ನ ಟಿ.ವಿ.ಎಸ್.ನಲ್ಲಿ. ಎಲ್ಲ ಸರಿ, ತನ್ನ ಬಸ್ಸು ಯಾವುದು ಎಂದು ಗುರುತಿಸುವುದು ಹೇಗೆ? ಬೋರ್ಡು ಓದಲು ಬಾರದು. ಊರಿನ ಹೆಸರನ್ನು ದಪ್ಪ ಅಕ್ಷರದಲ್ಲಿ ಬರೆದು ಜೇಬಿಗೆ ಇಟ್ಟೆ, ಮಳೆಗೆ ನೆಂದು ಮುದ್ದೆಯಾಯಿತು. ಕೊನೆಗೆ ಅವನೇ ಒಂದು ಉಪಾಯ ಕಂಡುಕೊಂಡಿದ್ದ, ನನಗೆ ಗೊತ್ತೇ ಇರಲಿಲ್ಲ: ಹೈಸ್ಕೂಲಿನ ಹುಡುಗಿಯರು ನೀಲಿ ಯೂನಿಫಾರ್ಮಿನಲ್ಲಿ ಯಾವ ಬಸ್ಸು ಹತ್ತುತ್ತಾರೋ ಅದೇ ತನ್ನ ಬಸ್ಸು. ಬಹಳ ಚೆನ್ನಾಗಿಯೇ ನಡೆಯಿತು. ಒಂದು ದಿನ ಹುಡುಗಿಯರು ತಾಲ್ಲೂಕು ಕ್ರೀಡಾಕೂಟಕ್ಕೆ ಹೊರಟರು. ನಮ್ಮವನೂ ಹತ್ತಿದ. ಮಧ್ಯಾಹ್ನದವರೆಗೆ ಹುಡುಕಾಡಿ ನಾವು ಮೈದಾನ ಮುಟ್ಟಿದಾಗ ಖೊಖೊ ಅಂಕಣದ ಪಕ್ಕ ಕೂತು ಚಿತ್ರಾನ್ನ ತಿನ್ನುತ್ತಿದ್ದ.

ಅವನ ತಾಯಿ ಆ ದಿನ ನನ್ನನ್ನು ಬೈದ ಬೈಗುಳ ಆಕಾಶವಾಣಿಯಲ್ಲಿ ಹೇಳುವಂಥದ್ದಲ್ಲ. ಬೈಯಬೇಕಾದದ್ದೇ. ಆಮೇಲೆ ಸ್ಟಾಪಿನ ಟೀ ಅಂಗಡಿಯವರನ್ನು ಕೇಳಿಕೊಂಡೆವು. ಇವತ್ತಿಗೂ ಬಸ್ಸು ತಿರುವಿನಲ್ಲಿ ಕಂಡರೆ ಅವರು ಸೌಟು ಹಿಡಿದುಕೊಂಡೇ ಕೂಗುತ್ತಾರೆ, “ಲೇ, ನಿನ್ ಬಸ್ ಬಂತು, ಹತ್ತೋ!” ಇಂಥ ಒಂದು ಕೂಗನ್ನು ಯಾವ ಯೋಜನೆಯ ಯಾವ ಬಾಬ್ತಿನಲ್ಲಿ ಬರೆಯುವುದು ಎಂದು ನನಗೆ ಹೊಳೆದಿಲ್ಲ.

ಇನ್ನು ಶಕ್ತಿ ಯೋಜನೆ. 2023ರ ಜೂನ್ 11ರಿಂದ ನಮ್ಮ ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ಟಿಗೆ ದುಡ್ಡಿಲ್ಲ. ಅದರ ಪರವಾಗಿ, ವಿರುದ್ಧವಾಗಿ ಎಷ್ಟೋ ಮಾತು ಬಂದಿದೆ. ನಾನು ಕಂಡದ್ದು ಬೇರೆಯೇ. ಮೊದಲೆಲ್ಲ ಶಾಲೆಯ ಜಗಲಿಯಲ್ಲಿ ಬೆಳಿಗ್ಗೆಯಿಂದ ಸಂಜೆವರೆಗೆ ಇಬ್ಬರು ಮೂವರು ತಾಯಂದಿರು ಕೂತೇ ಇರುತ್ತಿದ್ದರು, ತಟ್ಟೆಯಲ್ಲಿ ಅವರೆಕಾಯಿ ಸುಲಿಯುತ್ತಲೋ, ಹೂವು ಕಟ್ಟುತ್ತಲೋ. ಮಗುವನ್ನು ಬಿಟ್ಟು ಮನೆಗೆ ಹೋಗಿ ಸಂಜೆ ಮತ್ತೆ ಬಂದರೆ ದಿನಕ್ಕೆ ನಾಲ್ಕು ಟಿಕೆಟ್ಟು. ಕಾದು ಕೂತರೆ ಎರಡೇ. ಎರಡು ಟಿಕೆಟ್ಟಿನ ದುಡ್ಡಿಗೆ ಒಂದು ದಿನದ ಕೂಲಿ ಕಳೆದುಕೊಳ್ಳುತ್ತಿದ್ದರು, ಯಾಕೆಂದರೆ ಕೂಲಿ ಸಿಗುವ ಖಾತರಿಯಿಲ್ಲ, ಟಿಕೆಟ್ಟು ತೆಗೆಯುವುದು ಖಾತರಿ. ಆ ಜೂನ್ ಕಳೆದು ಕೆಲವು ವಾರಕ್ಕೆ ಜಗಲಿ ಖಾಲಿಯಾಯಿತು. ತಾಯಂದಿರು ವಾಪಸು ಹೋಗಿ ಮಧ್ಯೆ ಐದು ಗಂಟೆ ದುಡಿದು ಬರುತ್ತಿದ್ದರು. ಅಂಗವಿಕಲ ಮಕ್ಕಳಿಗಾಗಿ ಮಾಡಿದ ಯೋಜನೆಯೇನೂ ಅಲ್ಲ ಅದು, ಆದರೂ ಇವರ ದಿನವನ್ನು ಇವರಿಗೆ ವಾಪಸು ಕೊಟ್ಟಿತು. ಮಗುವನ್ನು ಕರೆತರುವವರು ತಂದೆಯೋ ಅಜ್ಜನೋ ಆದರೆ ಟಿಕೆಟ್ಟು ತೆಗೆಯಲೇಬೇಕು. ಬಸ್ಸಿನಲ್ಲಿ ನೂಕುನುಗ್ಗಲು ಹೆಚ್ಚಿದ್ದೂ ನಿಜ, ಹೆದರುವ ಮಕ್ಕಳಿಗೆ ಅದು ಕಷ್ಟ.

ನನಗೆ ಹೆಚ್ಚು ಆತಂಕ ಹುಟ್ಟಿಸುವ ಸಂಗತಿ ಬೇರೆ ಇದೆ. 2012ರಲ್ಲಿ ಶಿಕ್ಷಣ ಹಕ್ಕು ಕಾಯ್ದೆಗೆ ತಿದ್ದುಪಡಿ ಬಂದು, ಬಹುವಿಧ ಅಥವಾ ತೀವ್ರ ಅಂಗವೈಕಲ್ಯದ ಮಗು ಮನೆಯಲ್ಲೇ ಕಲಿಯುವ ಹಕ್ಕು ಪಡೆಯಿತು. ಗೃಹಾಧಾರಿತ ಶಿಕ್ಷಣ ಅಂತ ಹೆಸರು. ಹಾಸಿಗೆ ಬಿಟ್ಟು ಏಳಲಾಗದ ಮಕ್ಕಳ ಮನೆಗೆ ನಾನೇ ಹೋಗಿ ಕಲಿಸಿದ್ದೇನೆ, ಅದರ ಬೆಲೆ ನನಗೆ ಗೊತ್ತು. ಆದರೆ ಆ ಹುಣಸೆಹಣ್ಣಿನ ಮನೆಯ ಹುಡುಗ? ಬಾಯಿಲೆಕ್ಕದಲ್ಲಿ ತರಗತಿಗೇ ಮುಂದಿದ್ದವನು. ಮುಂದಿನ ವರ್ಷದ ಪಟ್ಟಿಯಲ್ಲಿ ಅವನ ಹೆಸರಿನ ಮುಂದೆ ‘ಗೃಹಾಧಾರಿತ’ ಎಂದು ಬರೆದಿತ್ತು. ಮನೆಯಲ್ಲಿ ಉಳಿಯುವುದು ಮಗುವಿನ ಹಕ್ಕು ಎಂದು ಕಾನೂನು ಕೊಟ್ಟರೆ, ಗಾಡಿ ಕಳಿಸದವರಿಗೆ ಅದು ಒಂದು ನೆಪವಾಯಿತು. ಆ ಪಟ್ಟಿಗೆ ಸಹಿ ಹಾಕಿದವರಲ್ಲಿ ನಾನೂ ಒಬ್ಬ.

ಕೇಳುತ್ತಿರುವ ತಂದೆತಾಯಿಗಳಿಗೆ ಒಂದೆರಡು ಮಾತು. ಮಗುವಿಗೆ ಯು.ಡಿ.ಐ.ಡಿ. ಎಂಬ ಅಂಗವಿಕಲರ ಗುರುತಿನ ಕಾರ್ಡು ಮಾಡಿಸಿಲ್ಲವಾದರೆ ಮೊದಲು ಅದನ್ನು ಮಾಡಿಸಿ. ಶೇಕಡಾ 40 ಮತ್ತು ಅದಕ್ಕಿಂತ ಹೆಚ್ಚಿನ ಅಂಗವೈಕಲ್ಯವಿದ್ದರೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ 2016ರ ಕಾಯ್ದೆಯಲ್ಲಿ ಹಕ್ಕಾಗಿದೆ. ಸಾರಿಗೆ, ಬೆಂಗಾವಲು ಭತ್ಯೆ ಬೇಕೆಂದು ಶಾಲೆ ತೆರೆದ ಮೊದಲ ವಾರವೇ ಹೆಡ್‌ಮಾಸ್ಟರಿಗೆ ಬರವಣಿಗೆಯಲ್ಲಿ ಕೊಡಿ, ನಕಲಿಗೆ ಸಹಿ ಹಾಕಿಸಿಕೊಳ್ಳಿ. ಬಾಯಲ್ಲಿ ಹೇಳಿದ್ದು ನಮ್ಮ ಕಚೇರಿಗಳಲ್ಲಿ ಗಾಳಿಗೆ ಹೋಗುತ್ತದೆ. ಅರ್ಜಿಯಲ್ಲಿ ಕಾಯಿಲೆಯ ಹೆಸರಿಗಿಂತ ದಾರಿಯನ್ನು ಬರೆಯಿರಿ: ಎಷ್ಟು ದೂರ, ಹಳ್ಳ ಎಲ್ಲಿದೆ, ಹೆದ್ದಾರಿ ಎಲ್ಲಿ ದಾಟಬೇಕು, ಯಾರು ಎತ್ತಿಕೊಂಡು ಬರುತ್ತಾರೆ, ಅವರ ಕೂಲಿ ಎಷ್ಟು ಹೋಗುತ್ತದೆ. ಗುಮಾಸ್ತರಿಗೆ ಕಾಲು ಕಾಣುತ್ತದೆ, ದಾರಿ ಕಾಣುವುದಿಲ್ಲ. ಅಲ್ಲಿಗೂ ಆಗದಿದ್ದರೆ ರಾಜ್ಯ ವಿಕಲಚೇತನರ ಆಯುಕ್ತರಿಗೆ ಒಂದು ಕಾಗದ ಬರೆಯಬಹುದು.

ಹಣದ ವಿಷಯದಲ್ಲಿ ಆಸೆ ದೊಡ್ಡದಾಗಿ ಇಟ್ಟುಕೊಳ್ಳಬೇಡಿ. 2018ರಲ್ಲಿ ಬಂದ ಸಮಗ್ರ ಶಿಕ್ಷಣ ಯೋಜನೆ ಇಂಥ ಒಂದು ಮಗುವಿನ ಲೆಕ್ಕಕ್ಕೆ ವರ್ಷಕ್ಕೆ 3,500 ರೂಪಾಯಿವರೆಗೆ ಇಟ್ಟಿತು. ಸಾರಿಗೆ ಅದರಲ್ಲೇ, ಬೆಂಗಾವಲು ಅದರಲ್ಲೇ, ಉಪಕರಣವೂ ಅದರಲ್ಲೇ. ಹೆಣ್ಣುಮಕ್ಕಳಿಗೆ ಬೇರೆಯಾಗಿ ತಿಂಗಳಿಗೆ 200 ರೂಪಾಯಿ, ಹತ್ತು ತಿಂಗಳು. ನಾನಿದ್ದ ಕಡೆ ಭತ್ಯೆ ಖಾತೆಗೆ ಬೀಳುತ್ತಿದ್ದದ್ದು ಸಾಮಾನ್ಯವಾಗಿ ಮಾರ್ಚಿಯಲ್ಲಿ, ಪರೀಕ್ಷೆ ಹತ್ತಿರವಾದಾಗ. ಜೂನ್ ತಿಂಗಳ ಆಟೊಗೆ ಮಾರ್ಚಿಯ ದುಡ್ಡು.

ಇದಕ್ಕೆ ಒಂದು ಕಡೆ ತಾಯಂದಿರೇ ದಾರಿ ಮಾಡಿಕೊಂಡರು. ಒಂದೇ ರಸ್ತೆಯ ಮೂರು ಹಳ್ಳಿಗಳಿಂದ ಐದು ಮಕ್ಕಳು, ಎಲ್ಲರದ್ದೂ ಒಂದೇ ಶಾಲೆ. ಒಬ್ಬ ಆಟೊದವರು ಐದು ಮಕ್ಕಳನ್ನೂ ತಿಂಗಳಿಗೆ ಇಷ್ಟು ಅಂತ ಒಪ್ಪಿಕೊಂಡರು, ಆದರೆ ತಿಂಗಳ ಮೊದಲ ವಾರವೇ ಕೈಗೆ ಕೊಡಬೇಕು. ಊರಿನ ಸ್ತ್ರೀಶಕ್ತಿ ಸಂಘ ತಿಂಗಳಾ ತಿಂಗಳು ಸಾಲ ಕೊಟ್ಟಿತು. ಮಾರ್ಚಿಯಲ್ಲಿ ಭತ್ಯೆ ಬಂದಾಗ ಸಂಘಕ್ಕೆ ಹಿಂತಿರುಗಿಸುವುದು, ಸಾಲದೆ ಬಂದದ್ದನ್ನು ಐವರೂ ಸಮನಾಗಿ ಹಾಕುವುದು. ದಿನಕ್ಕೊಬ್ಬರಂತೆ ತಾಯಿಯೊಬ್ಬರು ಆಟೊದಲ್ಲಿ ಜೊತೆಗೆ ಕೂರುವುದು. ಉಳಿದ ನಾಲ್ವರಿಗೆ ಆ ದಿನ ಬಿಡುವು. ಎತ್ತುವಾಗ ಮಗುವಿನ ತೋಳಿಗೆ ಕೈ ಹಾಕಬಾರದು, ಮೊಣಕಾಲಿನ ಕೆಳಗೆ ಒಂದು ಕೈ, ಬೆನ್ನಿಗೆ ಒಂದು ಕೈ ಅಂತ ಆಟೊದವರಿಗೆ ನಾನು ತೋರಿಸಿಕೊಟ್ಟೆ. ಎರಡು ದಿನಕ್ಕೆ ನನಗಿಂತ ಚೆನ್ನಾಗಿ ಎತ್ತುತ್ತಿದ್ದರು. ತೆಂಗಿನಕಾಯಿ ಮೂಟೆ ಹೊತ್ತು ಬೆಳೆದವರಿಗೆ ನಾನೇನು ಕಲಿಸುವುದು!

ಎರಡು ವರ್ಷ ಆ ಆಟೊ ಓಡಿತು. ಮೊನ್ನೆ ಯುಗಾದಿ ಆದಮೇಲೆ ಅವರು ಆಟೊ ಮಾರಿ ಬೆಂಗಳೂರಿಗೆ ಹೊರಟುಹೋದರು, ಅಲ್ಲಿ ಕ್ಯಾಬು ಓಡಿಸುತ್ತಾರಂತೆ. ಬರುವ ಭಾನುವಾರ ಐವರು ತಾಯಂದಿರು ಶಾಲೆಯ ಹತ್ತಿರದ ಅರಳಿಕಟ್ಟೆಯಲ್ಲಿ ಸೇರುತ್ತಿದ್ದಾರೆ. ಪಕ್ಕದೂರಿನಲ್ಲಿ ಹಾಲಿನ ಕ್ಯಾನು ಸಾಗಿಸುವ ಒಂದು ಟೆಂಪೊ ಇದೆ, ಒಂಬತ್ತು ಗಂಟೆಗೆ ಅದರ ಕೆಲಸ ಮುಗಿಯುತ್ತದೆ. ಅದರ ಮಾಲೀಕರ ಹತ್ತಿರ ಮಾತಾಡಿ ನೋಡಬೇಕು ಅಂತಿದ್ದಾರೆ. ನನ್ನನ್ನೂ ಬರಹೇಳಿದ್ದಾರೆ. ಹಿಂಬದಿಗೆ ಮೆಟ್ಟಿಲು ಹಾಕಿಸಲು ಆಗುತ್ತದೋ ನೋಡಲು ಅಳತೆ ಟೇಪು ತನ್ನಿ ಅಂದಿದ್ದಾರೆ.